ಬೇವಿನ ಬುಡದ ಕಲ್ಲು

ಇಳಕಲ್ಲಿನ ನಮ್ಮ ಓಣಿಯ ತುದಿಗೆ ಒಂದು ಬಯಲಿದೆ. ಲೇಔಟು ಮಾಡಿದಾಗ ಉದ್ಯಾನಕ್ಕೆಂದು ಬಿಟ್ಟ ಜಾಗ. ಉದ್ಯಾನವೆಂದರೆ ಹೂವಿನ ಮಡಿ, ಕಾರಂಜಿ ಅಂದುಕೊಳ್ಳಬೇಡಿ. ನಾಲ್ಕಾರು ಬೇವಿನ ಗಿಡ, ಹೊಂಗೆ, ಒಂದು ಮುದಿ ಹುಣಸೆ, ಅಷ್ಟೆ. ಬೇಸಿಗೆಯಲ್ಲಿ ಮಾಳಿಗೆ ಕಾದು ಮನೆಯೊಳಗೆ ಕೂರಲಾಗದಿದ್ದಾಗ ಓಣಿಯ ಹೆಂಗಸರೆಲ್ಲ ಅಲ್ಲೇ ಕೂತು ಶೇಂಗಾ ಸುಲಿಯುತ್ತೇವೆ, ಜೋಳ ಹಸನು ಮಾಡುತ್ತೇವೆ. ನನ್ನ ಮಗಳಿಗೆ ಉಬ್ಬಸ. ಧಗೆಗೆ ಅವಳ ಎದೆ ಬಿಗಿದುಕೊಂಡರೆ ಎತ್ತಿಕೊಂಡು ಆ ನೆರಳಿಗೆ ಓಡುತ್ತೇನೆ. ಬೆನ್ನು ಸವರುತ್ತ ಕೂತರೆ ಉಸಿರು ನಿಧಾನಕ್ಕೆ ಹದಕ್ಕೆ ಬರುತ್ತದೆ. ಶಿವ ನಮಗೆ ಕೊಟ್ಟದ್ದರಲ್ಲಿ ಅದೂ ಒಂದು ಎಂದು ದಿನಾ ಲಿಂಗಪೂಜೆಯ ಹೊತ್ತಿಗೆ ನೆನೆಯುತ್ತೇನೆ.

ಒಂದು ಬೆಳಿಗ್ಗೆ ನೋಡಿದರೆ ಬಯಲ ತುಂಬ ಸುಣ್ಣದ ಗೆರೆ. ಬೇವಿನ ಕಾಂಡಗಳಿಗೆ ಕೆಂಪು ಬಣ್ಣದ ಗುರುತು.

"ಏನ್ ಮಾಡಾಕತ್ತೀಯಪ್ಪಾ?" ಎಂದು ಗೆರೆ ಎಳೆಯುವವನನ್ನು ಕೇಳಿದೆ.

"ಅಂಗಡಿ ಸಾಲು ಬರ್ತೈತ್ರಿ ಅಕ್ಕಾರ. ಜಾಗಾ ಸಾವಕಾರ್ರದಂತ."

ಸಾವಕಾರರೆಂದರೆ ಲೇಔಟು ಮಾಡಿದವರು. ನನ್ನ ಯಜಮಾನರು ಕೆಲಸ ಮಾಡುವ ಸೀರೆ ಅಂಗಡಿಯ ಮಾಲೀಕರಿಗೆ ಬೀಗರು. ಅಂದು ಊಟಕ್ಕೆ ಬಂದ ಯಜಮಾನರು ರೊಟ್ಟಿ ಮುರಿಯದೆ ಕೂತರು. "ನೀ ಒಂದು ಮಾತೂ ಆಡಬ್ಯಾಡ. ನಾಳೆ ಅಂಗಡಿಗೆ ಬರಬ್ಯಾಡ ಅಂದ್ರ ಎಲ್ಲಿಗೆ ಹೋಗ್ಲಿ?" ಅಂದರು.

ಆದರೂ ಓಣಿಯವರು ನಗರಸಭೆಗೆ ಅರ್ಜಿ ಬರೆದಾಗ ನಾನೂ ಸಹಿ ಮಾಡಿದೆ. ಆದರೆ ಅಲ್ಲಿಯ ಸಾಹೇಬರು ಬಂದು ನೋಡುವ ಮೊದಲೇ ಜೆಸಿಬಿ ಬರುತ್ತದೆಂದು ಸುದ್ದಿಯಾಯಿತು. ಆಗ ಉಪಾಯ ಹೇಳಿದವರು ನಮ್ಮ ಅತ್ತೆ. "ಗಿಡದ ಬುಡಕ ತಾಯೀನ ಕುಂದ್ರಸ್ರಿ. ಯಾವ ಗಂಡಸು ಮುಟ್ಟತಾನ ನೋಡೂಣು!"

ಎದುರು ಮನೆಯ ಆಪಾ ಸಾಬರ ಪೈಕಿ. ಅವರ ಮಗ ಗ್ರಾನೈಟ್ ಪಾಲಿಶ್ ಕೆಲಸದವನಾದ್ದರಿಂದ ಅವರ ಅಂಗಳದಲ್ಲಿ ಕಲ್ಲಿನ ಚೂರುಗಳ ಗುಡ್ಡೆಯೇ ಇರುತ್ತದೆ. ಅದರೊಳಗಿಂದ ದುಂಡಗಿನ ಕೆಂಪು ಕಲ್ಲೊಂದನ್ನು ಅತ್ತೆಯೇ ಆರಿಸಿದರು. "ತೊಗೋರಿ ಅಮ್ಮಾರ, ನಿಮ್ ತಾಯಿಗೆ ನಮ್ಮನಿ ತವರು ಆತು. ಪಂಚಮಿಗೆ ಉಂಡಿ ನಮಗ ಮೊದಲ ಬರಬೇಕು," ಎಂದು ಆಪಾ ನಕ್ಕರು. ಅತ್ತೆ ಬಾದಾಮಿ ಬನಶಂಕರಿಯ ಹೆಸರು ಹೇಳಿ ಕಲ್ಲಿಗೆ ನೀರೆರೆದು, ಅರಿಷಿಣ ಕುಂಕುಮ ಹಚ್ಚಿ, ಹಸಿರು ಖಣ ಉಡಿಸಿದರು.

ಜೆಸಿಬಿ ಬಂತು. ಓಡಿಸುವವನು ಕಲ್ಲು ಕಂಡದ್ದೇ ಕೆಳಗಿಳಿದು, ಚಪ್ಪಲಿ ಬಿಟ್ಟು, ಕೈಮುಗಿದು, ಗಾಡಿ ಹಿಂದಕ್ಕೆ ತಿರುಗಿಸಿಕೊಂಡು ಹೋದ. ಹೆಂಗಸರೆಲ್ಲ ಗಲ್ಲ ಬಡಿದುಕೊಂಡೆವು. ನಾನಂತೂ ಮನೆಗೆ ಬಂದು ಅತ್ತುಬಿಟ್ಟೆ.

ಹೆದರಿಕೆ ಹೋಯಿತು ಅಂದುಕೊಂಡಿದ್ದೆ. ನಿಜವಾದ ಹೆದರಿಕೆ ಬಂದದ್ದು ಆಮೇಲೆ. ಬಂದ ಶುಕ್ರವಾರ ಸಾವಕಾರರೇ ಹೂವಿನ ಹಾರ, ಕಾಯಿ ಹಿಡಿದು ಬಂದು ಕಲ್ಲಿಗೆ ಅಡ್ಡಬಿದ್ದರು. "ತಾಯಿ ಬಿಸಲಾಗ ಕುಂತ್ರ ನಮಗ ಶೋಭಾ ಅಲ್ಲ. ಗುಡಿ ನಾ ಕಟ್ಟಸ್ತೇನಿ," ಅಂದರು. ಅತ್ತೆ ಹಿಗ್ಗಿದರು. ಓಣಿಯೂ ಹಿಗ್ಗಿತು. ಆಪಾ ಮಾತ್ರ ನನ್ನ ಕಿವಿಯ ಹತ್ತಿರ, "ನಾಕೂ ಕಡೆ ಗ್ವಾಡಿ ಎದ್ರ ನಾ ಎಲ್ಲಿ ಕುಂದ್ರಲೇ ತಂಗಿ?" ಅಂದರು. ಅವತ್ತು ನಗಲಿಲ್ಲ.

ನಾನು ಬೇವಿನ ಚಿಗುರು ಕಿತ್ತುಕೊಳ್ಳಲು ಗಿಡದ ಹಿಂದೆ ಹೋದೆ. ಸಾವಕಾರರು ಈಚೆ ನಿಂತು ಫೋನಿನಲ್ಲಿ ಮಾತಾಡುತ್ತಿದ್ದರು. "ಸೋಮವಾರ ಸಾಹೇಬ ಬರ್ತಾನ. ಉದ್ಯಾನ ಎಲ್ಲೈತ್ರಿ, ಮಂದೀನ ಗುಡಿ ಮಾಡ್ಯಾರಲ್ಲ ಅಂತ ತೋರಸೂದು. ಗುಡಿ ಅಂದಮ್ಯಾಲ ಸುತ್ತ ಅಂಗಡಿ, ಮ್ಯಾಲ ಮಂಗಲ ಕಾರ್ಯಾಲಯ. ಗಿಡ ಹೋಗ್ಲಿ ಬಿಡು."

ಚಿಗುರು ಕೈಯಿಂದ ಜಾರಿತು. ಗಿಡ ಉಳಿಸಲು ನಾವು ಇಟ್ಟ ಕಲ್ಲೇ ಗಿಡ ಕಡಿಸುವುದಿತ್ತು. ಯಾರಿಗೆ ಹೇಳಲಿ? ಪೂಜೆಗೊಂಡ ಕಲ್ಲನ್ನು ಎತ್ತಿರಿ ಎಂದು ಅತ್ತೆಯ ಮುಂದೆ ಹೇಗೆ ಅನ್ನಲಿ? ನನ್ನ ದೇವರು ಕೊರಳಲ್ಲಿದ್ದಾನೆ, ಅವನಿಗೆ ಗೋಡೆ ಬೇಡ, ಅದು ನನಗೆ ಗೊತ್ತು. ಆದರೂ ಸಣ್ಣವಳಿದ್ದಾಗಿನಿಂದ ದೇವಿಯ ಸಿಟ್ಟಿನ ಕಥೆ ಕೇಳಿ ಬೆಳೆದವಳು ನಾನು. ಮನೆಯಲ್ಲಿ ಉಬ್ಬಸದ ಮಗು ಬೇರೆ.

ಸೋಮವಾರ ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಧರಿಸಿ, ಪೂಜೆ ಮುಗಿಸಿ ಬಯಲಿಗೆ ಹೋದೆ. "ಯವ್ವಾ, ನಿನ್ನ ಹೊರಗ ಹಾಕಾಕತ್ತಿಲ್ಲ, ಮನಿಗೆ ಕರಕೊಂಡು ಹೊಂಟೇನಿ," ಎಂದು ಹೇಳಿ ಕಲ್ಲಿಗೆ ಕೈ ಹಚ್ಚಿದೆ.

"ಏನ್ ಮಾಡಾಕತ್ತೀಬೇ?"

ಬೆನ್ನ ಹಿಂದೆ ಅತ್ತೆ. ಕೇಳಿದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ಅತ್ತೆ ಗಿಡದ ಮೇಲಿನ ಕೆಂಪು ಗುರುತನ್ನು ಅಂಗೈಯಿಂದ ಸವರಿದರು. ಆಮೇಲೆ ಸೆರಗು ಒಡ್ಡಿ, "ನಾ ಕುಂದ್ರಿಸಿದಾಕಿ, ನಾನ ಎತ್ತತೇನಿ. ಬೈದ್ರ ನನಗ ಬೈಲಿ," ಅಂದರು.

ಸಾಹೇಬರು ಬಂದಾಗ ಬಯಲಲ್ಲಿ ಗಿಡಗಳಿದ್ದವು, ಜೋಳ ಹಸನು ಮಾಡುವ ನಾವಿದ್ದೆವು. "ಗುಡಿ ಐತಿ ಅಂದ್ರೆಲ್ರಿ?" ಎಂದು ಅವರು ಕೇಳಿದರೆ ಸಾವಕಾರರು ಬೇವಿನ ಬುಡದ ಸುತ್ತ ಹುಡುಕಾಡಿದರು. ಸಾಹೇಬರು ಗಿಡದಿಂದ ಗಿಡಕ್ಕೆ ನಡೆದು ನೋಡಿ, "ಇದು ಉದ್ಯಾನನ. ಬೇಲಿ ಹಾಕಸ್ತೇವಿ," ಎಂದು ಹೋದರು.

ಅದೇ ಮಧ್ಯಾಹ್ನ ಮಗಳಿಗೆ ಉಬ್ಬಸ ಎದ್ದಿತು. ತುಟಿ ನೀಲಿಗಟ್ಟುವಂತೆ ಕಂಡಾಗ ತಾಯಿ ಸಿಟ್ಟಾದಳೆಂದೇ ನಂಬಿದೆ. ಕಲ್ಲು ಎತ್ತಿದ ಆ ನೆರಳಿಗೆ ಮತ್ತೆ ಒಯ್ಯಲು ಧೈರ್ಯವಾಗದೆ ಹೊಸ್ತಿಲಲ್ಲೇ ನಿಂತುಬಿಟ್ಟೆ. ಆಪಾ ಮಗುವನ್ನು ನನ್ನ ತೋಳಿನಿಂದ ಕಸಿದುಕೊಂಡು, "ಹೆದರಾಕ ಆಮೇಲೆ ಟೈಮ್ ಐತಿ. ಮೊದಲ ದವಾಖಾನಿಗೆ ನಡಿ!" ಎಂದು ಬೈದು ಆಟೋ ಹತ್ತಿಸಿದರು. ದವಾಖಾನೆಯಲ್ಲಿ ಮೂಗಿಗೆ ಔಷಧದ ಹೊಗೆ ಹಿಡಿದ ಮೇಲೆ ಮಗಳು ಕಣ್ಣು ಬಿಟ್ಟು ಬಿಸ್ಕೀಟು ಕೇಳಿದಳು. ಬಿಸ್ಕೀಟು ಕೇಳಿದ್ದು ನನ್ನ ಪಾಲಿಗೆ ದೊಡ್ಡ ವರ.

ಎರಡು ದಿನ ಬಿಟ್ಟು ಸಾವಕಾರರು ಮನೆಗೇ ಬಂದರು. ಯಜಮಾನರು ಎದ್ದು ನಿಂತವರು ಕೂರಲೇ ಇಲ್ಲ.

"ತಾಯಿ ಓಣಿಯಾಕಿ. ತಿರುಗಿ ಅಲ್ಲೇ ಕುಂದ್ರಸ್ರಿ. ಗುಡಿ ಕಟ್ಟೂದು ನನ್ನ ಹರಕಿ," ಅಂದರು ಸಾವಕಾರರು.

ಅತ್ತೆ ಜಪಸರ ಕೆಳಗಿಡದೆ, "ಹರಕಿ ಇದ್ರ ಬಾದಾಮಿಗೆ ಹೋಗಿ ಮುಟ್ಟಸ್ರಿ, ಬಸ್ ಅದಾವು. ನಮ್ಮನಿಗೆ ಬಂದಾಕೀನ ನಾವ್ ಹ್ಯಾಂಗ ಹೊರಗ ಹಾಕೂಣ್ರಿ? ಚಾ ಕುಡೀರಿ," ಅಂದರು.

ಅವರು ಚಹಾ ಕುಡಿದರು. ಬಾಗಿಲಲ್ಲಿ ನಿಂತು ಚಪ್ಪಲಿ ಮೆಟ್ಟುವಾಗ ನನ್ನ ಕಡೆ ತಿರುಗಿ, "ನಿಮ್ಮ ಯಜಮಾನ್ರು ಅಂಗಡ್ಯಾಗ ಭಾಳ ಚಲೋ ಕೆಲಸ ಮಾಡ್ತಾರಂತ. ಬೀಗರು ಹೇಳ್ತಿದ್ರು," ಎಂದು ನಕ್ಕು ಹೋದರು. ಅವರ ಚಹಾದ ಕಪ್ಪನ್ನು ಎರಡೆರಡು ಸಲ ತಿಕ್ಕಿ ತೊಳೆದೆ.

ಬಯಲಿಗೆ ಬೇಲಿಯ ಕಂಬ ನೆಟ್ಟಿದ್ದಾರೆ, ತಂತಿ ಇನ್ನೂ ಬಂದಿಲ್ಲ. ಯಜಮಾನರು ಅಂಗಡಿಗೆ ಹೋಗುತ್ತಿದ್ದಾರೆ. ಮಾಲೀಕರು ಏನೂ ಅಂದಿಲ್ಲ. ಯಾವತ್ತು ಕೆಲಸ ಬಿಡಿಸುತ್ತಾರೋ ಗೊತ್ತಿಲ್ಲ. ಸಂಜೆ ದೀಪ ಹಚ್ಚಿ ಬಾಗಿಲಲ್ಲಿ ನಿಂತಿರುತ್ತೇನೆ, ಯಜಮಾನರ ಮುಖದಲ್ಲಿ ಏನಿದೆಯೋ ಎಂದು. ಇವತ್ತು ಬಂದವರು ಚಪ್ಪಲಿ ಬಿಡುತ್ತ, "ಪಲ್ಯ ಏನ್ ಮಾಡೀ?" ಎಂದು ಕೇಳಿದರು. ಇವತ್ತಿಗೆ ಇಷ್ಟು ಸಾಕು, ಶಿವನೇ.