ಅಪ್ಪನ ಹೆಸರಿಗೆ ಬಿದ್ದ ಹೂವು

ಕಾರಿನ ವಿಷ್ಯ ತಿಳಿದೋರು ಯಾರಾದ್ರೂ ಇದ್ರೆ ಹೇಳ್ರಪ್ಪ.

ಇವತ್ತು ಬೆಳಿಗ್ಗೆ ಅವ್ವನ್ನ ಕೂರಿಸ್ಕೊಂಡು ಹುಣಸೂರಿಂದ ಸಾಲಿಗ್ರಾಮದ ಕಡೆ ದೇವಸ್ಥಾನ ನೋಡೋಕೆ ಹೋಗಿದ್ದೆ. ಕೊನೇದು ಒಂದು ಈಶ್ವರನ ಗುಡಿ. ಅರ್ಚಕರು ಅರ್ಚನೆಗೆ ಹೆಸರು ಕೇಳಿದ್ರು. ಅವ್ವ ನನಗಿಂತ ಮೊದಲೇ, "ಸಿದ್ದಪ್ಪ, ಮಖಾ ನಕ್ಷತ್ರ" ಅಂದ್ಬುಟ್ಲು. ಅದು ನಮ್ಮಪ್ಪ. ತೀರ್ಕೊಂಡು ಮೂರು ವರ್ಷ ಆಯ್ತು.

"ಅವ್ವ, ಅಪ್ಪ ಇಲ್ಲ ಕಣವ್ವ!" ಅಂದೆ. ಅಷ್ಟರಲ್ಲಿ ಅರ್ಚಕರು ಹೆಸರು ಹೇಳಿ ಆಗಿತ್ತು. "ಹೋದವರ ಹೆಸರಲ್ಲಿ ಅರ್ಚನೆ ಮಾಡೋ ಹಾಗಿಲ್ಲಮ್ಮ" ಅಂತ ಅವರು ರೇಗ್ತಾ ಇರುವಾಗಲೇ ಲಿಂಗದ ಬಲಗಡೆಯಿಂದ ಹೂವು ಜಾರಿ ಬಿತ್ತು.

"ನೋಡ್ಲಾ, ಒಪ್ಕೊಂಡ" ಅಂದ್ಲು ಅವ್ವ. ಅರ್ಚಕರು ಹೂವನ್ನ ಅವಳ ಕೈಗಿಟ್ರು.

ವಾಪಸ್ ಬರೋವಾಗ ಅವ್ವ ಹಿಂದೆ ಕೂತ್ಲು. ಹೂವನ್ನ ನನ್ನ ಪಕ್ಕದ ಸೀಟಲ್ಲಿಟ್ಲು. "ನಿಮ್ಮಪ್ಪಂಗೆ ಹಿಂದೆ ಕೂತ್ರೆ ವಾಂತಿ ಬತ್ತದೆ ಕಣ್ಲಾ."

ಕಾರು ಹೊರಟಿದ್ದೇ ತಡ, ಪಕ್ಕದ ಸೀಟಿನ ಬೆಲ್ಟ್ ಹಾಕಿಲ್ಲ ಅಂತ ಕೂಗೋಕೆ ಶುರು ಮಾಡ್ತು. ಯಾರಾದ್ರೂ ಕೂತಿದ್ರೆ ಮಾತ್ರ ಅದು ಕೂಗೋದು. ಅಲ್ಲಿದ್ದಿದ್ದು ಬರೀ ಆ ಹೂವು. ಮನೆ ಮುಟ್ಟೋವರೆಗೂ ಕಾರು ಬಾಯಿ ಮುಚ್ಚಲಿಲ್ಲ.

ಬದುಕಿದ್ದಾಗ್ಲೂ ಅಪ್ಪ ಒಂದಿನಾನೂ ಬೆಲ್ಟ್ ಹಾಕ್ಕೊಂಡೋನಲ್ಲ ಬುಡಿ.