ಹತ್ತಕ್ಕೆ ಎಂಟೇ ಸುತ್ತು

ಗಡಿಯಾರ ರಿಪೇರಿಯವನಿಗೆ ಬೀದಿಯವರು ಇಟ್ಟ ಹೆಸರು ಗಾಳಿರಾಯ. ಇಟ್ಟವರ ತಪ್ಪೂ ಇಲ್ಲ ಬಿಡಿ. ಮುಂದಿನ ಕೋಣೆಯಲ್ಲಿ ಬೆಂಡಿನಷ್ಟು ಹಗುರಾದ ಬಾಲ್ಸಾ ಮರದ ಕಡ್ಡಿಗಳನ್ನು ಬ್ಲೇಡಿನಿಂದ ಸೀಳಿ, ಗುಂಡುಸೂಜಿ ಚುಚ್ಚಿ, ಪುಟ್ಟ ಮಾದರಿ ವಿಮಾನದ ರೆಕ್ಕೆಗೆ ತೆಳುಕಾಗದ ಅಂಟಿಸಲು ಅವನು ಕೂತನೆಂದರೆ ಹೆಂಡತಿ ಫ್ಯಾನು ಹಾಕುವಂತಿಲ್ಲ, ಕಿಟಕಿ ತೆಗೆಯುವಂತಿಲ್ಲ. "ಇನ್ನು ಸೀನೋಕೂ ನಿಮ್ಮ ಅಪ್ಪಣೆ ಕೇಳಬೇಕೇನ್ರೀ?" ಎಂದು ಆಕೆ ರೇಗುತ್ತಿದ್ದಳು. ಕೇಳಲೇಬೇಕಿತ್ತು. ಒಂದೇ ಸೀನಿಗೆ ಮೂರು ವಾರದ ರೆಕ್ಕೆ ಹಾರಿ ಗೋಡೆಗೆ ಬಡಿದದ್ದುಂಟು.

ಆ ವಿಮಾನಗಳು ಬಯಲಿಗೆ ಆಗುವಂಥವಲ್ಲ, ಮುಚ್ಚಿದ ಒಳಾಂಗಣದಲ್ಲಿ ಹಾರುವಂಥವು. ಹೊಟ್ಟೆಯ ಕೆಳಗೆ ಒಂದು ರಬ್ಬರ್ ಎಳೆ. ಅದಕ್ಕೆ ಹುರಿ ಹಾಕಿ ಬಿಟ್ಟರೆ, ಹುರಿ ಬಿಚ್ಚುವಷ್ಟು ಹೊತ್ತು ಪ್ರೊಪೆಲರ್ ತಿರುಗುತ್ತದೆ. ಹುರಿ ಹಾಕುವುದು ಇಬ್ಬರ ಕೆಲಸ. ಒಬ್ಬ ಒಂದು ತುದಿ ಹಿಡಿದು ನಿಲ್ಲಬೇಕು. ಇನ್ನೊಬ್ಬ ಮತ್ತೊಂದು ತುದಿಯನ್ನು ಕೈಡ್ರಿಲ್ಲಿಗೆ ಸಿಕ್ಕಿಸಿ, ಉದ್ದಕ್ಕೆ ಎಳೆದು, ಹಿಡಿ ತಿರುಗಿಸುತ್ತ ಹತ್ತಿರ ಬರಬೇಕು. ನೂರ ನಲವತ್ತು ಸಲ ತಿರುಗಿಸಿದರೆ ಸರಿ. ಕಡಿಮೆಯಾದರೆ ವಿಮಾನ ಅರ್ಧದಲ್ಲೇ ಕೈಕೊಡುತ್ತದೆ, ಹೆಚ್ಚಾದರೆ ರಬ್ಬರು ಪಟ್ಟೆಂದು ಕಡಿಯುತ್ತದೆ. ಗಾಳಿರಾಯನ ಗಮನವೆಲ್ಲ ಎಳೆತದ ಮೇಲೆ, ಆದ್ದರಿಂದ ಎಣಿಕೆ ದರ್ಜಿಯದು. ಪಕ್ಕದ ಅಂಗಡಿಯವನು, ಇಪ್ಪತ್ತೆರಡು ವರ್ಷದ ಸ್ನೇಹಿತ. ತುದಿ ಹಿಡಿದು ಮನಸ್ಸಿನಲ್ಲೇ ಎಣಿಸಿ, ಹತ್ತಕ್ಕೊಂದು ಸಲ ಕೂಗುತ್ತಿದ್ದ. ಗಾಳಿರಾಯ ತನ್ನ ಅಂಗಡಿಯ ಗಡಿಯಾರಗಳಿಗಿಂತ ಆ ಬಾಯಿಯನ್ನು ಹೆಚ್ಚು ನಂಬಿದ್ದ.

ಆ ವರ್ಷ ಊರಿನ ಮಾದರಿ ವಿಮಾನದ ಕ್ಲಬ್ಬಿನಿಂದ ಒಬ್ಬರನ್ನು, ಒಬ್ಬರನ್ನೇ, ದೊಡ್ಡ ಪಂದ್ಯಕ್ಕೆ ಕಳಿಸುವುದೆಂದಾಯಿತು. ಹಿಂದೆ ಮೂರು ಸಲ ಎರಡನೆಯವನಾಗಿ ಉಳಿದ ಗಾಳಿರಾಯನಿಗೆ ಐವತ್ತೆಂಟು ತುಂಬಿತ್ತು. ಈಗಲೇ ಕೈ ಸಣ್ಣಗೆ ನಡುಗುತ್ತಿತ್ತು, ಇನ್ನೊಂದು ವರ್ಷ ಕಾಯುವ ಹಾಗಿರಲಿಲ್ಲ. ಎದುರಾಳಿ ಎಂದರೆ ದರ್ಜಿಯ ಅಳಿಯ, ಈಚೆಗೆ ಕ್ಲಬ್ಬು ಸೇರಿದವನು. "ಅಳಿಯ ಇದ್ರೇನು, ನಾನು ನಿನ್ನ ಕಡೆ ಕಣೋ," ಎಂದಿದ್ದ ದರ್ಜಿ.

ಬ್ಯಾಡ್ಮಿಂಟನ್ ಹಾಲಿನ ಬಾಗಿಲು ಮುಚ್ಚಿ ಆಯ್ಕೆಯ ಪಂದ್ಯ ಶುರುವಾಯಿತು. ಒಬ್ಬೊಬ್ಬರಿಗೆ ಎರಡು ಅವಕಾಶ, ಹೆಚ್ಚು ಹೊತ್ತು ಹಾರಿದ್ದೇ ಲೆಕ್ಕ. ಅಳಿಯನ ವಿಮಾನ ಎರಡರಲ್ಲಿ ಹೆಚ್ಚೆಂದರೆ ನಾಲ್ಕು ನಿಮಿಷ ಹತ್ತು ಸೆಕೆಂಡು ಗಾಳಿಯಲ್ಲಿ ಉಳಿಯಿತು. ಗಾಳಿರಾಯನದು ಚಂದವಾಗಿ ಸುತ್ತುತ್ತ ಮೇಲೇರಿ, ಇನ್ನೂ ಕಿಟಕಿಯ ಎತ್ತರದಲ್ಲಿರುವಾಗಲೇ ಪ್ರೊಪೆಲರ್ ನಿಂತುಬಿಟ್ಟಿತು. ಮೂರು ನಿಮಿಷ ಇಪ್ಪತ್ತಕ್ಕೆ ನೆಲ ಮುಟ್ಟಿತು.

"ರಬ್ಬರು ಹಳೇದಾಯ್ತೇನೋ," ಎಂದ ದರ್ಜಿ, ಬೆನ್ನು ತಟ್ಟಿ.

ರಬ್ಬರು ಹೊಸದು. ಹುರಿ ಪೂರ್ತಿ ಇದ್ದಿದ್ದರೆ ಅಷ್ಟು ಬೇಗ ಮುಗಿಯುವಂತಿರಲಿಲ್ಲ. ತಿರುಗಿಸುವಾಗ ಎಳೆತ ಯಾಕೋ ಸಡಿಲ ಎಂದು ಬೆರಳು ಹೇಳಿತ್ತು, ಇವನೇ ಕೇಳಿರಲಿಲ್ಲ. ಎರಡನೆಯ ಸಲ ಜನ್ಮದಲ್ಲಿ ಮೊದಲ ಬಾರಿಗೆ ತಾನೂ ಎಣಿಸಿದ, ಬಾಯಿ ಬಿಡದೆ, ನಾಲಿಗೆಯನ್ನು ಹಲ್ಲಿಗೆ ಒತ್ತಿ ಒತ್ತಿ. ಎಂಟಾಗುತ್ತಲೇ ದರ್ಜಿ ಕೂಗಿದ: "ಹತ್ತು!"

ಛೆ, ತಾನೇ ತಪ್ಪಿದೆನೆಂದುಕೊಂಡ ಪುಣ್ಯಾತ್ಮ! ಹದಿನಾರಕ್ಕೆ "ಇಪ್ಪತ್ತು!" ಬಂತು. ಇಪ್ಪತ್ತನಾಲ್ಕಕ್ಕೆ "ಮೂವತ್ತು!" ಬೇಲಿಯೇ ಎದ್ದು ಹೊಲ ಮೇಯುತ್ತಿತ್ತು, ಅದೂ ಕಣ್ಣೆದುರಿಗೆ. ಆದರೂ ಕೈ ನಿಲ್ಲಿಸಲಿಲ್ಲ.

"ನೂರ ನಲವತ್ತು! ಸಾಕು!"

ಗಾಳಿರಾಯನ ಲೆಕ್ಕದಲ್ಲಿ ನೂರ ಹನ್ನೆರಡು. ಅವನು ತಿರುಗಿಸುತ್ತಲೇ ಇದ್ದ.

"ಸಾಕೋ, ಕಡಿದೀತು!"

"ನೂರ ಹದಿಮೂರು," ಎಂದ ಗಾಳಿರಾಯ, ಜೋರಾಗಿ. "ನೂರ ಹದಿನಾಲ್ಕು."

ದರ್ಜಿಯ ಮುಖ ಬಿಳಿಚಿಕೊಂಡಿತು. ಹಿಡಿದ ತುದಿಯನ್ನು ಬಿಡಲಾರ, ಎದುರಿನವನ ಮುಖ ನೋಡಲಾರ. ನೂರ ನಲವತ್ತಾಗುವವರೆಗೂ ಗಾಳಿರಾಯ ಅವನ ಮುಖವನ್ನೇ ನೋಡುತ್ತ ಎಣಿಸಿದ.

ವಿಮಾನ ನಾಲ್ಕು ನಿಮಿಷ ಮೂವತ್ತೊಂದು ಸೆಕೆಂಡು ಗಾಳಿಯಲ್ಲಿ ಉಳಿಯಿತು. ಜನ ಚಪ್ಪಾಳೆ ತಟ್ಟಿದರು. ಗಾಳಿರಾಯ ಮೇಲೆ ನೋಡಲೇ ಇಲ್ಲ.

"ಅಳಿಯನ ಮನೇಲಿ ಇದೀನಿ ಕಣೋ, ಅವನ ಅನ್ನ ತಿಂತಾ ಇದೀನಿ," ಎಂದ ದರ್ಜಿ. "ಅವನಿಗೆ ಗೊತ್ತೇ ಇಲ್ಲ. ಗೆದ್ರೆ ಮಗಳು ಸ್ವಲ್ಪ ಸುಖವಾಗಿರ್ತಾಳೆ ಅಂತ... ಕೇಳಿದ್ರೆ ನೀನು ಬಿಟ್ಟುಕೊಡ್ತಿದ್ಯಾ?"

"ಕೊಡ್ತಿರಲಿಲ್ಲ. ಜಗಳ ಆಡ್ತಿದ್ದೆ. ನಿನಗೆ ಜಗಳ ಆಡೋಕೂ ನಾನು ಬೇಡವಾದ್ನೇನೋ?" ಎಂದ ಗಾಳಿರಾಯ. "ಹಿಂದಿನ ಮೂರು ಸಲಾನೂ ಎಣಿಸಿದ್ದು ನೀನೇ ಅಲ್ವಾ?"

"ಮಗಳಾಣೆ, ಇದೊಂದೇ ಸಲ ಕಣೋ!"

ನಿಜವೇ ಇದ್ದೀತು. ಆದರೆ ಆ ಬಾಯಿಂದ ಬಂದದ್ದನ್ನು ಇನ್ನು ನಂಬುವುದು ಹೇಗೆ? ಇಪ್ಪತ್ತೆರಡು ವರ್ಷದ ಒಂದೊಂದು ಎಣಿಕೆಯೂ ಈಗ ಅನುಮಾನವೇ.

ಅಷ್ಟರಲ್ಲಿ ಕ್ಲಬ್ಬಿನ ಕಾರ್ಯದರ್ಶಿ ಕಾಗದ ಹಿಡಿದು ಬಂದ. "ಯಜಮಾನ್ರೇ, ದೊಡ್ಡ ಪಂದ್ಯಕ್ಕೆ ಜೊತೆಯವರೊಬ್ಬರನ್ನ ಕರ್ಕೊಂಡು ಹೋಗಬಹುದು. ತುದಿ ಹಿಡಿಯೋಕೆ ಎಂದಿನ ಹಾಗೆ ಇವರೇ ಅಲ್ವಾ?"

ದರ್ಜಿ ತಲೆ ಎತ್ತಿದ.

"ಬೇಡ," ಎಂದ ಗಾಳಿರಾಯ. "ಗೋಡೆಗೆ ಒಂದು ಮೊಳೆ ಹೊಡೆಸಿಕೊಡೋಕೆ ಹೇಳಿ, ಸಾಕು. ಮೊಳೆ ಎಣಿಸಲ್ಲ."