ಟೈಲರಮ್ಮನ ಎಸ್ಸೆಸ್ಸೆಲ್ಸಿ

ನಮ್ಮ ಪಕ್ಕದ ಮನೆಯ ಟೈಲರಮ್ಮನ ತುಟಿಗಳ ನಡುವೆ ಯಾವಾಗಲೂ ನಾಲ್ಕೈದು ಗುಂಡುಪಿನ್ನು ಇರುತ್ತವೆ. ಅವನ್ನು ಕಚ್ಚಿಕೊಂಡೇ ಮಾತು, ಬೈಗುಳ, ನಗು ಎಲ್ಲ. ಒಂದು ಪಿನ್ನು ನುಂಗಿದ್ದನ್ನು ಹರಿಹರದ ನಮ್ಮ ಓಣಿಯಲ್ಲಿ ಕಂಡವರಿಲ್ಲ. ಅವರ ಬಾಗಿಲ ಮೇಲಿನ ಬೋರ್ಡಿನಲ್ಲಿ ‘ಲೇಡೀಸ್ ಟೈಲರ್’ ಎಂಬುದಕ್ಕಿಂತ ದೊಡ್ಡ ಅಕ್ಷರದಲ್ಲಿ ‘ಎಸ್ಸೆಸ್ಸೆಲ್ಸಿ’ ಎಂದಿತ್ತು. ಅವರ ಯಜಮಾನರು ಏಳನೇ ತರಗತಿಗೇ ಶಾಲೆಗೆ ಕೈಮುಗಿದವರು. ಮನೆಯಲ್ಲಿ ಯಾವ ಜಗಳವಾದರೂ “ಎಸ್ಸೆಸ್ಸೆಲ್ಸಿ ಪಾಸಾದಾಕಿ ಹೇಳ್ತಿದೀನಿ, ಕೇಳ್ರಿ” ಎಂದರೆ ಅವರು ತೆಪ್ಪಗಾಗುತ್ತಿದ್ದರು.

ನನ್ನ ಕೈಗಳು ಹುಟ್ಟಿನಿಂದ ನಡುಗುತ್ತವೆ. ಓದು ತಲೆಗೆ ಹತ್ತಿತು. ಆದರೆ ಸಿಇಟಿ ಉತ್ತರ ಪತ್ರಿಕೆಯ ಸಣ್ಣ ವೃತ್ತ ತುಂಬಲು ಹೋದರೆ ಪೆನ್ನು ಅಕ್ಕಪಕ್ಕದವನ್ನೂ ಮಾತಾಡಿಸಿಕೊಂಡು ಬರುತ್ತಿತ್ತು. ನಿಯಮದ ಪ್ರಕಾರ ನಾನು ಹೇಳಿ ಬೇರೆಯವರಿಂದ ಬರೆಸಬಹುದು, ಹೆಚ್ಚುವರಿ ಹೊತ್ತೂ ಸಿಗುತ್ತದೆ. ಬರೆಯುವವರು ಮಾತ್ರ ನನಗಿಂತ ಕಡಿಮೆ ಓದಿರಬೇಕು. ಅಪ್ಪ ಒಪ್ಪಿಸಿದ್ದ ಹುಡುಗಿ ಡಿಗ್ರಿಯವಳೆಂದು ದಾವಣಗೆರೆಯ ಕಚೇರಿಯಿಂದ ಅರ್ಜಿ ವಾಪಸಾಯಿತು. ಪರೀಕ್ಷೆಗೆ ಇನ್ನು ನಾಲ್ಕೇ ದಿನ. ಓದಿದ್ದೆಲ್ಲ ನೀರುಪಾಲಾಯಿತೆಂದು ನಾನು ಜೋರಾಗಿಯೇ ಅತ್ತುಬಿಟ್ಟೆ.

“ಅಳಬ್ಯಾಡ. ನಾ ಬರ್ತೀನಿ.” ಅಷ್ಟು ಹೇಳಲು ಟೈಲರಮ್ಮ ಪಿನ್ನುಗಳನ್ನು ಬಾಯಿಂದ ತೆಗೆದಿದ್ದರು.

ಮರುದಿನ ಗಂಡಹೆಂಡತಿ ಇಬ್ಬರೂ ನನ್ನನ್ನು ಆ ಕಚೇರಿಗೆ ಕರೆದೊಯ್ದರು. ಗುಮಾಸ್ತರು ಟೈಲರಮ್ಮನನ್ನು ಮೇಲಿಂದ ಕೆಳಗೆ ನೋಡಿದರು.

“ಎಸ್ಸೆಸ್ಸೆಲ್ಸಿ ಅಂತೀರಿ. ಮುಂದೆ ಓದಿಲ್ಲ ಅನ್ನಾಕೆ ಏನ್ ಪುರಾವೆ ಐತ್ರಿ?”

“ಓದದೇ ಇದ್ದಿದ್ದಕ್ಕೂ ಸರ್ಟಿಫಿಕೇಟ್ ಕೊಡ್ತಾರೇನ್ರಿ?” ಯಜಮಾನರು ರೇಗಿದರು.

“ಅದು ನಿಮ್ ತಲೆನೋವು.”

ಟೈಲರಮ್ಮ ಗಂಡನ ಕಡೆ ತಿರುಗಿ, “ಹೊರಗ ಕುಡಿಯಾಕೆ ನೀರು ಐತೇನು ನೋಡ್ಕೊಂಡ್ ಬರ್ರಿ” ಎಂದರು. ಅವರು ಕದಲಲಿಲ್ಲ. ಟೈಲರಮ್ಮ ಚೀಲದಲ್ಲಿದ್ದ ಅಳತೆ ಪುಸ್ತಕದ ರಟ್ಟಿನೊಳಗಿಂದ ಮಡಚಿದ ಕಾಗದ ತೆಗೆದು ಮೇಜಿನ ಮೇಲಿಟ್ಟರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿ. ಗಣಿತ, ಹತ್ತೊಂಬತ್ತು. ಫೇಲು.

“ಇಷ್ಟು ಪುರಾವೆ ಸಾಕೇನ್ರಿ?”

ಗುಮಾಸ್ತರು ಸೀಲು ಒತ್ತಿದರು.

ವಾಪಸು ಬರುವಾಗ ಬಸ್ಸಿನಲ್ಲಿ ಯಜಮಾನರು ಬೆರಳು ಮಡಚಿ ಏನೋ ಲೆಕ್ಕ ಹಾಕುತ್ತಿದ್ದರು. ಹರಿಹರ ಬರುವ ಹೊತ್ತಿಗೆ ತಡೆಯಲಾಗಲಿಲ್ಲ. “ಹತ್ತೊಂಬತ್ತಾ? ಏಳ್ನೇದ್ರಾಗ ನಂಗೇ ಇಪ್ಪತ್ತೆರಡು ಬಂದಿದ್ವಲ್ಲೇ! ಇಷ್ಟು ವರ್ಷ ಸುಮ್ನೆ ಹೆದರಿದ್ನಲ್ಲೇ!”

ಟೈಲರಮ್ಮ ಕಿಟಕಿ ಕಡೆ ಮುಖ ಮಾಡಿಕೊಂಡಿದ್ದರು. ಬಾಯಲ್ಲಿ ಪಿನ್ನಿಲ್ಲದೆಯೂ ಅವರು ಮಾತಾಡದೆ ಕೂತದ್ದನ್ನು ನಾನು ಕಂಡದ್ದು ಅದೇ ಮೊದಲು. ನನಗೆ ಸಂಕಟವಾಯಿತು.

ಪರೀಕ್ಷೆಯಲ್ಲಿ ನಾನು ಉತ್ತರ ಹೇಳಿದೊಡನೆ ಅವರು ವೃತ್ತ ತುಂಬುತ್ತಿರಲಿಲ್ಲ. “ಕತ್ತರಿ ಹಾಕ್ಲಾ?” ಎನ್ನುವರು. ನಾನು ಹೂಂ ಎಂದರೆ, “ಖರೇನೇ ಹಾಕ್ಲಾ?” ಬಟ್ಟೆ ಕತ್ತರಿಸುವ ಮುನ್ನ ಗಿರಾಕಿಗಳನ್ನೂ ಹೀಗೇ ಎರಡು ಸಲ ಕೇಳುತ್ತಾರೆ. ಕೊಠಡಿಯ ಮೇಲ್ವಿಚಾರಕರು ಗಾಬರಿಯಾಗಿ ಕತ್ತರಿ ಎಲ್ಲಿದೆ ಎಂದು ಬೆಂಚಿನ ಕೆಳಗೆಲ್ಲ ಹುಡುಕಿದರು. ಹೆಚ್ಚುವರಿ ಹೊತ್ತೆಲ್ಲ ಈ ಕತ್ತರಿಗೇ ಖರ್ಚಾಯಿತು. ಆದರೆ ಗಣಿತದಲ್ಲಿ ಅವರು ಎರಡನೇ ಸಲ ಕೇಳಿದಾಗ ಮೂರು ತಪ್ಪು ನನಗೇ ಹೊಳೆದವು. ನನಗೆ ಎಂಜಿನಿಯರಿಂಗ್ ಸೀಟು ಸಿಕ್ಕಿತು.

ಅದು ತಿಳಿದ ದಿನ ಯಜಮಾನರು ಏಣಿ ಹತ್ತಿ ಬೋರ್ಡಿನ ‘ಎಸ್ಸೆಸ್ಸೆಲ್ಸಿ’ಯನ್ನು ಕೆರೆದು ಹಾಕಿದರು. ಟೈಲರಮ್ಮ ತಲೆ ತಗ್ಗಿಸಿ ಹೊಲಿಯುತ್ತಲೇ ಇದ್ದರು. ಆಮೇಲೆ ಅದೇ ಜಾಗದಲ್ಲಿ ಯಜಮಾನರು ಸೊಟ್ಟಪಟ್ಟ ಅಕ್ಷರದಲ್ಲಿ ‘ಸಿಇಟಿ’ ಎಂದು ಬರೆದರು.

“ಇದೂ ಸುಳ್ಳೇ ಆತಲ್ರಿ! ಪರೀಕ್ಷೆ ಬರ್ದಾಕಿ ಈ ಹುಡುಗಿ!” ನನ್ನ ಕಡೆ ಕೈತೋರಿಸಿ, ಪಿನ್ನುಗಳ ನಡುವಿನಿಂದಲೇ ಟೈಲರಮ್ಮ ಕೂಗಿದರು.

ಈಗ ದಿನಾ ಕಾಲೇಜಿಗೆ ಹೊರಟಾಗ ಆ ಬೋರ್ಡನ್ನು ನೋಡಿಯೇ ಬಸ್ ಹತ್ತುತ್ತೇನೆ. ನನ್ನನ್ನು ಕೇಳಿದರೆ, ಅದರಲ್ಲಿ ಸುಳ್ಳೇನೂ ಇಲ್ಲ.